ನಡುಹೊಳಿಗೆ ಎಷ್ಟು ವೋಲ್ಟ್?

ಆರನೆಯ ಇಯತ್ತೆಗೆ ಸಾಲಿ ಬಿಟ್ಟು ಬ್ಯಾಟರಿ ಕೆಲಸ ಕಲಿತೆ. ಯಾದಗಿರಿ, ಶಹಾಪುರ, ಸುರಪುರ ಅಂತ ತಿರುಗಿದೆನೇ ಹೊರತು ಒಂದು ಅಂಗಡಿಯಲ್ಲೂ ವರ್ಷ ತುಂಬಿಸಲಿಲ್ಲ. ಅಂಗಡಿ ಬದಲಾದವು, ಆದರೆ ಎಲ್ಲಿ ಏನು ಸುಟ್ಟರೂ ಬೈಗುಳ ಮಾತ್ರ ನನ್ನ ವಿಳಾಸ ಹುಡುಕಿಕೊಂಡೇ ಬರುತ್ತದೆ. ಒಬ್ಬ ಮೀನುಗಾರ ಕಾಕಾನ ಸಂಗತಿ ಹೇಳುತ್ತೇನೆ, ನ್ಯಾಯ ನೀವೇ ಹೇಳಿ.

೧. ಯಾದಗಿರಿ

ಸುರಪುರ ಕಡೆಯ ಕಾಕಾ ಕೃಷ್ಣಾ ಹೊಳಿಯಲ್ಲಿ ದೋಣಿ ಇಟ್ಟವನು. ನೀರೊಳಗಿನ ಮೀನು ತೋರಿಸುವ ಸಣ್ಣ ಯಂತ್ರವನ್ನು ಕೈಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಬಂದ.

"ಇದಕ್ಕ ಇಪ್ಪತ್ನಾಕು ವೋಲ್ಟ್ ಕೊಡಪಾ."

"ಹಿಂದ ಬರದಾರ ನೋಡ್ರಿ ಕಾಕಾ, ಹನ್ನೆರಡು."

"ಅದು ಕೆರಿಗೆ ಬರದದ್ದು. ನಮ್ದು ಹೊಳಿ."

"ಹೊಳಿ ದೊಡ್ಡದಾದ್ರ ಯಂತ್ರದ ಹೊಟ್ಟಿ ದೊಡ್ಡದಾಗತೈತೇನ್ರಿ?"

"ಹನ್ನೆರಡರಾಗ ದಂಡಿ ಹತ್ರದ ಮೀನಷ್ಟ ಕಾಣ್ತಾವು. ನಡುಹೊಳಿ ಮೀನಿಗೆ ಏನ್ ಮಾಡ್ಲಿ?"

ಗಂಟಲು ಹರಿದುಕೊಂಡು ಹನ್ನೆರಡರದ್ದೇ ಒಂದು ಬ್ಯಾಟರಿ ಕೊಟ್ಟು ಕಳಿಸಿದೆ. ಹೊರಗೆ ಚಾ ಅಂಗಡಿಯವನಿಗೆ ಕಾಕಾ ಹೇಳುತ್ತಿದ್ದುದು ನನಗೂ ಕೇಳಿಸಿತು: "ಪಾಪ, ಅಂವ ಹೊಳಿನೇ ನೋಡಿಲ್ಲ ಅನಸ್ತೈತಿ."

೨. ಶಹಾಪುರ

ತಿಂಗಳೊಳಗೆ ನಾನು ಶಹಾಪುರದ ಲಾರಿ ಗ್ಯಾರೇಜಿನಲ್ಲಿದ್ದೆ. ಹುಡುಕಿಕೊಂಡು ಬಂದ ಕಾಕಾ ಯಂತ್ರವನ್ನು ನನ್ನ ಮೂಗಿಗೆ ಹಿಡಿದ. ಸುಟ್ಟ ವಾಸನೆ.

"ನಿನ್ನ ಬ್ಯಾಟ್ರಿ ಸುಟ್ಟು ಹಾಕ್ಯಾದ ನೋಡು!"

"ಒಂದೇ ಬ್ಯಾಟ್ರಿ ಹಚ್ಚಿದ್ರೇನ್ರಿ?"

ಕಾಕಾ ಜೊತೆಗಿದ್ದ ಹೆಂಡತಿಯ ತಮ್ಮನ ಮುಖ ನೋಡಿದ. ಆತ ಲಾರಿ ಡ್ರೈವರ್.

"ಇನ್ನೊಂದು ನಾ ಜೋಡಿಸಿದೆ," ಅಂದ ಡ್ರೈವರ್. "ನಮ್ಮ ಲಾರಿ ಇಪ್ಪತ್ನಾಕರ ಮ್ಯಾಲೇ ಅಷ್ಟು ಲೋಡ್ ಎಳೀತೈತಿ. ಇದಕ್ಕ ಒಂದು ಮೀನು ತೋರಿಸಾಕ ಏನ್ ಧಾಡಿ?"

"ಎರಡು ಸೇರಿಸಿದ್ದಕ್ಕೇ ಸುಟ್ಟದ್ದು ಮಾರಾಯ!"

"ಸುಟ್ಟದ್ದು ನಿನ್ನ ಬ್ಯಾಟ್ರಿಯಿಂದ. ನಂದು ಐದು ವರ್ಷ ಆತು ಲಾರ‍್ಯಾಗೈತಿ, ಇವತ್ತಿನ ತನಕ ಏನೂ ಸುಟ್ಟಿಲ್ಲ."

೩. ಹೊಳಿ ದಂಡಿ

ಅಲ್ಲಿಂದ ಸುರಪುರದ ಅಂಗಡಿಗೆ ಬಂದೆ. ಕಾಕಾನ ಹೊಳಿ ದಂಡೆಯ ದೋಣಿಗಳ ದೀಪ, ಬ್ಯಾಟರಿಗಳೇ ಈಗ ನನ್ನ ಅನ್ನ. ಕಾಕಾ ಎರಡನೇ ಯಂತ್ರ ತಂದು ಎಲ್ಲರ ಮುಂದೆ ಖಡಾಖಂಡಿತ ಹೇಳಿಬಿಟ್ಟ: "ಇದೂ ಸುಟ್ರ ಈ ದಂಡಿಗೆ ನೀ ಕಾಲಿಡಬ್ಯಾಡ." ಸುಡುವವರು ಅವರು, ಗಡಿಪಾರು ನನಗೆ!

ನಾನೇ ಹೋಗಿ ಹನ್ನೆರಡು ವೋಲ್ಟಿನದು ಒಂದೇ ಬ್ಯಾಟರಿ ಕೂಡಿಸಿದೆ. ದೋಣಿಯ ತಂತಿಗಳೆರಡೂ ಕರಿಯವು. ಅದಲುಬದಲಾಗಬಾರದು ಎಂದು, ಕೆಂಪು ಬಣ್ಣ ಸಿಗದೆ, ಬ್ಯಾಟರಿಯ ಪ್ಲಸ್ ಗೂಟಕ್ಕೂ ಅದರ ತಂತಿಗೂ ಕಾಕಾನ ಮನೆಯ ಕುಂಕುಮ ಎಣ್ಣೆಯಲ್ಲಿ ಕಲಸಿ ಹಚ್ಚಿದೆ. "ಕುಂಕುಮಕ್ಕ ಕುಂಕುಮ ಕೂಡಿಸ್ರಿ, ಮುಗೀತು," ಅಂದೆ. ಎರಡು ತಿಂಗಳು ಯಂತ್ರ ಚಂದ ನಡೆಯಿತು.

ದಸರೆಯ ಆಯುಧ ಪೂಜೆಗೆ ಬ್ಯಾಟರಿ, ತಂತಿ, ಯಂತ್ರ ಬಿಚ್ಚಿ ಮನೆಗೆ ಒಯ್ದರು. ಮರುದಿನ ಮುಂಜಾನೆ ಕಾಕಾನ ಫೋನು: "ಯಂತ್ರ ಕಣ್ಣು ಮುಚ್ಚ್ಯಾದ. ಬಾ, ಇಲ್ಲಾಂದ್ರ ಬರಲೇಬ್ಯಾಡ."

ಓಡಿದೆ. ನೋಡಿದರೆ ಬ್ಯಾಟರಿಯ ಎರಡೂ ಗೂಟಕ್ಕೆ ಕುಂಕುಮ. ಎರಡೂ ತಂತಿಗೆ ಕುಂಕುಮ. ಕಾಕಾ ಕುಂಕುಮಕ್ಕೆ ಕುಂಕುಮ ಕೂಡಿಸಿದ್ದ, ಉಲ್ಟಾ!

"ಎರಡಕ್ಕೂ ಯಾರು ಹಚ್ಚಿದ್ರು?" ಅಂತ ಕೂಗಿದೆ.

"ನಾನೇ," ಅಂದಳು ಕಾಕಾನ ಹೆಂಡತಿ. "ಒಂದಕ್ಕ ಇಟ್ಟು ಇನ್ನೊಂದಕ್ಕ ಬಿಡಾಕ ಬರತೈತೇನೋ ತಮ್ಮಾ? ಹಬ್ಬದ ದಿನ ಅದೇನು ಪಾಪ ಮಾಡಿತ್ತು?"

ತಂತಿ ಬಿಚ್ಚಿ ನೋಡಿದೆ. ತಂತಿಯ ನಡುವೆ ನಾನು ಹಾಕಿದ್ದ ಫ್ಯೂಸ್ ತಾನು ಸುಟ್ಟುಕೊಂಡು ಯಂತ್ರವನ್ನು ಉಳಿಸಿತ್ತು. ಹೊಸ ಫ್ಯೂಸ್ ಹಾಕಿ ತಂತಿ ತಿರುಗಿಸಿದೆ. ಪರದೆ ಬೆಳಗಿತು, ಮೀನು ಓಡಾಡಿದವು. ದಂಡೆಯ ಮಂದಿಯೆಲ್ಲ ಹೋ ಎಂದರು.

"ನೋಡ್ರಿ!" ಎದೆ ಉಬ್ಬಿಸಿ ಫ್ಯೂಸ್ ಎತ್ತಿ ತೋರಿಸಿದೆ. "ಯಂತ್ರ ಯಾಕ ಉಳೀತು ಗೊತ್ತೈತೇನು?"

"ಗೊತ್ತಿಲ್ಲದೇನು," ಅಂದಳು ಆಕೆ, ಪರದೆಗೆ ಕೈ ಮುಗಿಯುತ್ತ. "ಎರಡಕ್ಕೂ ಕುಂಕುಮ ಇಟ್ಟಿದ್ದಕ್ಕ ಉಳೀತು. ನಿನ್ನಂಗ ಒಂದಕ್ಕೇ ಇಟ್ಟಿದ್ರ ಅರ್ಧ ಸುಟ್ಟೇ ಹೋಗ್ತಿತ್ತು."