ಸುಬ್ಬುವಿನ ಮದುವೆಯೂ ಮೊಸರು ಸಕ್ಕರೆಯೂ

ಮದುವೆಯ ವಿಚಾರಣೆಗೆಂದು ಯಾರಾದರೂ ಫೋನ್ ಮಾಡಿದರೆ ನಾನು ಪೂರ್ತಿ ಸತ್ಯ ಹೇಳುವವನಲ್ಲ. "ಹುಡುಗನ ಮನೆಯವರು ನಿಮ್ಮ ಬೀದೀಲೇ ಇರೋದಂತೆ, ಹೇಗೆ ಸಾರ್ ಜನ?" ಎಂದು ಕೇಳಿದ ತಕ್ಷಣ, "ಅಯ್ಯೋ, ದೇವರಂಥ ಜನ" ಎಂದುಬಿಡುತ್ತೇನೆ. ಆ ದೇವರು ಹಿಂದಿನ ದಿನವಷ್ಟೇ ನಮ್ಮ ಗೇಟಿಗೆ ಅಡ್ಡ ಕಾರು ನಿಲ್ಲಿಸಿ, ಕೇಳಿದ್ದಕ್ಕೆ ನನ್ನ ಮೇಲೆಯೇ ರೇಗಿದ್ದರೂ ಸರಿಯೇ. ಒಂದು ಮನೆಯಲ್ಲಿ ವಾಲಗ ಊದುವುದನ್ನು ತಪ್ಪಿಸಿ ನನಗೇನಾಗಬೇಕು? ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಹೀಗೆ ನನ್ನ ಮಾತಿನಿಂದ ಕೂಡಿಬಂದ ಸಂಬಂಧಗಳು ಹಲವಾರಿವೆ. ಅವರೆಲ್ಲ ಸುಖವಾಗಿದ್ದಾರೆಯೇ ಎಂದು ನೋಡಲು ಮಾತ್ರ ನಾನು ಹೋಗಿಲ್ಲ. ಆದರೆ ಒಂದು ವಿಚಿತ್ರ. ಜಾತಕ, ಗೋತ್ರ, ಎತ್ತರ, ಬಣ್ಣ, ಸೈಟು ಎಲ್ಲವನ್ನೂ ಕೆದಕಿ ಕೆದಕಿ ಕೇಳುವ ನಮ್ಮ ಜನರಲ್ಲಿ ಒಬ್ಬರಾದರೂ "ಹುಡುಗನ ಹೃದಯ ಹೇಗಿದೆ?" ಎಂದು ಕೇಳಿದ್ದು ನನಗೆ ನೆನಪಿಲ್ಲ. ಆ ಪ್ರಶ್ನೆ ಮೊದಲ ಬಾರಿಗೆ ಎದ್ದದ್ದು ನಮ್ಮ ಮನೆಯ ಹುಡುಗನ ಮದುವೆಯಲ್ಲೇ. ಹುಡುಗನೆಂದರೆ ನಮ್ಮ ನಾಯಿ, ಸುಬ್ಬು.

ಸುಬ್ಬು ಡಾಬರ್‌ಮನ್ ಜಾತಿಯವನು. ಕಪ್ಪು ಮೈ, ಚೂಪು ಮೂತಿ, ನೋಡಿದವರು ತಾವಾಗಿಯೇ ಹಿಂದೆ ಸರಿಯುವಂಥ ಆಕಾರ. ಇಂಥವನಿಗೆ ಟೈಗರ್ ಎಂದೋ ರಾಕಿ ಎಂದೋ ಹೆಸರಿಡಬೇಕೆಂದು ನನಗೆ ಆಸೆಯಿತ್ತು. ನನ್ನ ಹೆಂಡತಿ ನಳಿನಿ, "ದಿನಾ ಕೂಗಿ ಕರೆಯೋಳು ನಾನು ತಾನೆ? ನನ್ನ ಬಾಯಿಗೆ ಬರೋ ಹೆಸರೇ ಇಡ್ತೀನಿ" ಎಂದು ಸುಬ್ಬು ಎಂದಿಟ್ಟಳು. ಅವನೂ ಹೆಸರಿಗೆ ತಕ್ಕಂತೆ ಸಂಕೋಚದ ಪ್ರಾಣಿಯಾಗಿ ಬೆಳೆದ. ಕೊರಿಯರ್‌ನವರು ಬಂದರೆ ನನ್ನ ಕಾಲಿನ ಹಿಂದೆ ನಿಂತು ಬೊಗಳುತ್ತಾನೆ. ಮಗಳು ಮದುವೆಯಾಗಿ ಕೆಂಗೇರಿಗೆ ಹೋದ ಮೇಲೆ ಮನೆಯಲ್ಲಿ ನಾವು ಮೂರೇ ಜನ, ಅವನನ್ನೂ ಸೇರಿಸಿಕೊಂಡು.

ಅವನಿಗೆ ಸಂಬಂಧ ತಂದವರು ಕುರುಬರಹಳ್ಳಿಯ ಜಯಮ್ಮನವರು. ಒಂದು ಕಾಲದಲ್ಲಿ ಅವರ ಮನೆತನದವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರದೇ ಬಾಡಿಗೆ ಮನೆಗಳು ಎದ್ದಿವೆ. ಅವರ ಬಳಿಯೂ ಒಂದು ಡಾಬರ್‌ಮನ್ ಇದೆ, ಹೆಸರು ರಾಣಿ. ಪಾರ್ಕಿನಲ್ಲಿ ಸುಬ್ಬುವನ್ನು ನೋಡಿದವರೇ, "ಏನ್ ಸಾರ್, ನಿಮ್ಮ ಹುಡ್ಗ ನಮ್ಮ ಹುಡ್ಗಿಗೆ ಹೇಳಿ ಮಾಡಿಸ್ದಂಗವ್ನೆ. ಭಾನುವಾರ ಕರ್ಕೊಂಬನ್ನಿ, ಹೆಣ್ಣು ನೋಡಿ ಹೋಗಿ" ಎಂದರು. ನಾವೂ ಹೋದೆವು. ಜಯಮ್ಮನವರು ಉಪ್ಪಿಟ್ಟು, ಕೇಸರಿಬಾತು ಮಾಡಿದ್ದರು. ಸುಬ್ಬು ಹೆಣ್ಣಿನ ಕಡೆ ತಿರುಗಿಯೂ ನೋಡಲಿಲ್ಲ, ಕೇಸರಿಬಾತಿನಿಂದ ಕಣ್ಣು ತೆಗೆಯಲಿಲ್ಲ. ನಾನೂ ನನ್ನ ಕಾಲದಲ್ಲಿ ಹೆಣ್ಣು ನೋಡಲು ಹೋದಾಗ ಹಾಗೆಯೇ ಮಾಡಿದ್ದೆನೆಂದು ನಳಿನಿ ಎಲ್ಲರ ಮುಂದೆ ಹೇಳಿದಳು. ಹುಟ್ಟುವ ಮರಿಗಳಲ್ಲಿ ಒಂದು ನಮಗೆ ಎಂದು ಅಲ್ಲೇ ಮಾತಾಯಿತು. ಆ ಮರಿಗೆ ಈ ಸಲವಾದರೂ ಟೈಗರ್ ಎಂದು ಹೆಸರಿಡುವ ಯೋಚನೆ ನನಗೆ ದಾರಿಯುದ್ದಕ್ಕೂ ಇತ್ತು.

ಅದೇ ವಾರ ವಿಜಯನಗರದಿಂದ ಫೋನ್ ಬಂತು. ಸುಬ್ಬುವಿನ ಜೊತೆಯಲ್ಲೇ ಹುಟ್ಟಿದ ಒಂದು ಮರಿಯನ್ನು ಅಲ್ಲಿಯವರು ಸಾಕಿಕೊಂಡಿದ್ದರು. ಸುಬ್ಬುವಿಗೆ ಒಡಹುಟ್ಟಿದ ಅಣ್ಣನೋ ತಮ್ಮನೋ, ಅದೇ ಕಿವಿ, ಅದೇ ನಡಿಗೆ. ಚೆಂಡಿನ ಹಿಂದೆ ಓಡುತ್ತಿದ್ದ ಆ ನಾಯಿ ಅಂಗಳದ ಮಧ್ಯದಲ್ಲೇ ಕುಸಿದು ಬಿದ್ದು ಮತ್ತೆ ಏಳಲಿಲ್ಲವಂತೆ. ಸಾಕಿದವರು ಫೋನಿನಲ್ಲಿ ಅಳುತ್ತಿದ್ದರು. ಫೋನ್ ಇಟ್ಟು ನೋಡಿದರೆ ಸುಬ್ಬು ನನ್ನ ಚಪ್ಪಲಿಯ ಮೇಲೆ ಗದ್ದ ಊರಿ ಮಲಗಿದ್ದ. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಮರುದಿನ ರಾಜಾಜಿನಗರದ ಕ್ಲಿನಿಕ್ಕಿಗೆ ಓಡಿದೆವು. ಅಲ್ಲಿಯ ಪಶುವೈದ್ಯೆ ಧಾರವಾಡದ ಕಡೆಯ ಹುಡುಗಿ. "ಇದು ವಂಶದಾಗ ಬರೋ ಹೃದಯದ ಜಡ್ಡ್ರೀ ಸರ" ಎಂದು ಆಕೆ ಸಮಾಧಾನವಾಗಿ ತಿಳಿಸಿ ಹೇಳಿದಳು. "ಈ ಜಾತಿ ನಾಯಿಗೋಳಿಗೆ ಭಾಳ. ಹೃದಯದ ಸ್ನಾಯು ಸಡಿಲ ಆಗ್ತದ, ಹೊರಗ ಏನೂ ಕಾಣಂಗಿಲ್ಲ. ಗಲ್ಲದ ಒಳಗ ಹತ್ತಿ ಕಡ್ಡಿ ಆಡಿಸಿ ಲ್ಯಾಬಿಗೆ ಪರೀಕ್ಷಾಕ್ಕ ಕಳಸೋಣು. ಆ ಜಡ್ಡು ತರೋ ಜೀನ್ ಇವನ ಹತ್ರ ಐತೋ ಇಲ್ಲೋ ಗೊತ್ತಾಗ್ತದ. ನಾಳೆ ಮುಂಜಾನೆ ಕರಕೊಂಡ ಬರ್ರಿ. ಅದಕ್ಕ ಮೊದಲ ಬಾಯಾಗ ಏನೂ ಹಾಕಬ್ಯಾಡ್ರಿ ಮತ್ತ."

ನಾನು ಕಟ್ಟುನಿಟ್ಟಾಗಿ ಏನೂ ಹಾಕಲಿಲ್ಲ. ಬೆಳಗಿನ ಬಿಸ್ಕತ್ತನ್ನೂ ಬಚ್ಚಿಟ್ಟೆ. ಕ್ಲಿನಿಕ್ಕಿನಲ್ಲಿ ಡಾಕ್ಟರು ಸುಬ್ಬುವಿನ ಬಾಯಿಂದ ಹೊರತೆಗೆದ ಹತ್ತಿ ಕಡ್ಡಿಗೆ ಮಾತ್ರ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು. "ಇದೇನ್ರೀ ಸರ?" ಎಂದು ಆಕೆ ಕೇಳಿದಾಗ ನಾನು ಯಾವುದೋ ಹೊಸ ಕಾಯಿಲೆಯೇ ಇರಬೇಕೆಂದು ನಡುಗಿದೆ. ನಳಿನಿ ಸೆರಗಿನ ತುದಿ ತಿರುಚುತ್ತಾ, "ಮೊಸರು ಸಕ್ಕರೆ ಡಾಕ್ಟ್ರೇ" ಎಂದಳು. "ಪರೀಕ್ಷೆ ಅಂದ್ರಲ್ಲ. ಮಗಳಿಗೆ ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗೂ ಪ್ರತಿ ಪರೀಕ್ಷೆಗೂ ಕೊಟ್ಟೇ ಕಳಿಸಿದೀನಿ, ಒಂದರಲ್ಲೂ ಫೇಲಾಗಿಲ್ಲ." ಡಾಕ್ಟರು ನಗು ತಡೆದುಕೊಂಡು, ಮೊಸರಿನ ಜೀನ್ ನಮಗೆ ಬೇಡವೆಂದೂ ಮಾರನೆಯ ದಿನ ಬರಬೇಕೆಂದೂ ಹೇಳಿದಳು. ನಾನೂ ನಕ್ಕು ಸುಮ್ಮನಾಗಿದ್ದರೆ ಆಗುತ್ತಿತ್ತು. ಹೆದರಿಕೆಯಲ್ಲಿದ್ದವನು, "ನಿನಗೆ ಸ್ವಲ್ಪನಾದ್ರೂ ಬುದ್ಧಿ ಬೇಡ್ವಾ?" ಎಂದು ಎಲ್ಲರೆದುರು ಕಿರುಚಿಬಿಟ್ಟೆ. ನಳಿನಿ ಮನೆಗೆ ಬರುವವರೆಗೂ ಒಂದು ಮಾತಾಡಲಿಲ್ಲ. ಬಂದ ಮೇಲೂ ಆಡಲಿಲ್ಲ.

ಎರಡನೆಯ ಸಲ ಸರಿಯಾಗಿ ತೆಗೆದ ಮಾದರಿಯ ಫಲಿತಾಂಶಕ್ಕೆ ಕಾಯುವ ದಿನಗಳು ಬಹಳ ಕೆಟ್ಟವು. ನಾನು ಆಗಾಗ ಸುಬ್ಬುವಿನ ಎದೆಗೆ ಕಿವಿಯಿಟ್ಟು ಕೇಳುತ್ತಿದ್ದೆ. ಏನು ಕೇಳಿಸಿದರೆ ಒಳ್ಳೆಯದು ಎಂಬುದು ನನಗೆ ಗೊತ್ತಿರಲಿಲ್ಲ. ಅವನಿಗೆ ಇದೊಂದು ಹೊಸ ಆಟವೆನಿಸಿ ನನ್ನ ಇನ್ನೊಂದು ಕಿವಿಯನ್ನು ನೆಕ್ಕುತ್ತಿದ್ದ. ನಳಿನಿ ನನ್ನೊಡನೆ ಮಾತಾಡಬೇಕಾದ್ದನ್ನೆಲ್ಲ ಅವನ ಮೂಲಕವೇ ಆಡುತ್ತಿದ್ದಳು. "ಸುಬ್ಬು, ಊಟಕ್ಕೆ ಆಗಿದೆ ಅಂತ ಹೇಳೋ." ಸುಬ್ಬು ಬಂದು ನನ್ನ ಮುಖ ನೋಡುತ್ತಿದ್ದ. ನಾನು ಎದ್ದು ಹೋಗಿ ಊಟ ಮಾಡುತ್ತಿದ್ದೆ.

ಕೊನೆಗೆ ಫಲಿತಾಂಶ ಬಂತು. ಆ ಜೀನ್ ತಂದೆಯಿಂದಲೋ ತಾಯಿಯಿಂದಲೋ ಒಂದು ಕಡೆಯಿಂದ ಸುಬ್ಬುವಿಗೆ ಬಂದಿತ್ತು. "ಇದ್ದಕೂಡ್ಲೆ ಜಡ್ಡು ಬಂದೇ ಬರ್ತದ ಅಂತಲ್ರೀ. ಸಂಭವ ಜಾಸ್ತಿ, ಅಷ್ಟ" ಎಂದ ಡಾಕ್ಟರು ಸ್ಕ್ಯಾನ್ ಮಾಡಿ, ಸದ್ಯಕ್ಕೆ ಹೃದಯ ಚೆನ್ನಾಗಿದೆಯೆಂದೂ ವರ್ಷ ವರ್ಷ ತಪ್ಪದೆ ನೋಡಿಸಬೇಕೆಂದೂ ಹೇಳಿದಳು. ಮದುವೆಯ ಮಾತು ಎತ್ತಿದಾಗ, ಹೆಣ್ಣಿಗೂ ಪರೀಕ್ಷೆಯಾಗದೆ ಬೇಡವೇ ಬೇಡ, ಎರಡೂ ಕಡೆಯಿಂದ ಬಂದರೆ ಮರಿಗಳ ಗತಿ ಕಷ್ಟ, ಹೆಣ್ಣಿಗೆ ಇಲ್ಲದಿದ್ದರೂ ಕೆಲವು ಮರಿಗಳಿಗೆ ಇವನಿಂದಲೇ ಬಂದೀತು ಎಂದಳು.

ಸಂಜೆ ಜಯಮ್ಮನವರ ಮನೆಗೆ ಒಬ್ಬನೇ ಹೊರಟೆ. ದಾರಿಯಲ್ಲಿ ಬಾಯಿಗೆ "ಎಲ್ಲಾ ಚೆನ್ನಾಗಿದೆ" ಎಂಬ ಮಾತೇ ಬರುತ್ತಿತ್ತು. ಹೇಳಿದ್ದರೆ ಅವರು ನಂಬುತ್ತಿದ್ದರು, ನನಗೂ ಒಂದು ಮರಿ ಸಿಗುತ್ತಿತ್ತು. ಆದರೆ ಚೆಂಡಿನ ಹಿಂದೆ ಓಡುವ ಮರಿಯೊಂದು ಕಣ್ಣಿಗೆ ಕಟ್ಟಿತು. ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಜನ್ಮದಲ್ಲಿ ಮೊದಲ ಸಲ ಒಂದು ಸಂಬಂಧ ಮುರಿಯುತ್ತಿದ್ದೆ, ಅದೂ ನಮ್ಮ ಕಡೆಯದೇ. ಹೇಳುತ್ತಾ ಹೇಳುತ್ತಾ ಕಣ್ಣಲ್ಲಿ ನೀರು ಬಂತು.

ಜಯಮ್ಮನವರು ರಾಣಿಯನ್ನು ಹತ್ತಿರಕ್ಕೆ ಎಳೆದುಕೊಂಡು ತಲೆ ಸವರಿದರು. "ಮದ್ವೆ ಹೋದ್ರೆ ಹೋಯ್ತು ಬುಡಿ ಸಾರ್. ಪಾರ್ಕಲ್ಲಿ ಆಡ್ಕೊಂಡಿರ್ಲಿ" ಎಂದರು. ಆಮೇಲೆ, "ನಮ್ಮೆಜಮಾನ್ರೂ ಹಾರ್ಟಲ್ಲೇ ಹೋಗಿದ್ದು. ಬೆಳಿಗ್ಗೆ ಕಾಫಿ ಕುಡ್ದೋರು ಮಧ್ಯಾಹ್ನಕ್ಕಿಲ್ಲ. ಅವತ್ತು ನಾವಿಬ್ರೂ ಮಾತು ಬಿಟ್ಟಿದ್ವಿ" ಎಂದರು.

ನಾನು ತಡೆಯಲಾರದೆ ಕೇಳಿದೆ. "ಮದುವೆಗೆ ಮುಂಚೆ ಯಾರಾದ್ರೂ ಹೀಗೆ ಬಂದು ಹೇಳಿದ್ರೆ ಬೇಡ ಅಂತಿದ್ರಾ?"

"ಯಾಕಂತಿದ್ದೆ? ಆಯ್ತಿದ್ದೆ. ಜಗಳ ಮಾತ್ರ ಬೇಗ ಬೇಗ ಮುಗಿಸ್ಕೊಂಬುಡ್ತಿದ್ದೆ."

ಆ ಮಾತು ನನ್ನನ್ನು ಮನೆಯವರೆಗೂ ಅಟ್ಟಿಸಿಕೊಂಡು ಬಂತು. ನಳಿನಿ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು, ಇದ್ದ ಮೃದುತ್ವವನ್ನೆಲ್ಲ ಒಟ್ಟುಗೂಡಿಸಿ, "ನಳಿನಿ, ಮೊಸರಿನ ವಿಷಯದಲ್ಲಿ ತಪ್ಪು ನಂದೇ. ನಾನು ಹಾಗೆ ಕಿರುಚಬಾರದಿತ್ತು" ಎಂದೆ.

ಅವಳು ಥಟ್ಟನೆ ಒಲೆ ಆರಿಸಿ ನನ್ನ ಕಡೆ ತಿರುಗಿದಳು. ಮುಖ ಬಿಳಿಚಿಕೊಂಡಿತ್ತು. "ಏನಾಯ್ತು ನಿಮಗೆ?"

"ಏನೂ ಇಲ್ಲವಲ್ಲ."

"ಮುಚ್ಚಿಡಬೇಡಿ. ಮದುವೆಯಾದಾಗಿಂದ ತಪ್ಪು ನಂದು ಅಂತ ನೀವು ಒಂದು ದಿನ ಅಂದೋರಲ್ಲ. ನೀವೂ ಡಾಕ್ಟರ ಹತ್ರ ಹೋಗಿದ್ರಾ? ಏನಂದ್ರು? ಎದೆ ನೋವಾ?" ಎಂದು ಒದ್ದೆ ಕೈಯನ್ನೇ ನನ್ನ ಎದೆಯ ಮೇಲಿಟ್ಟಳು. ನಾನು ಗುಂಡುಕಲ್ಲಿನ ಹಾಗಿದ್ದೇನೆ ಮಾರಾಯ್ತಿ, ನಿನ್ನ ಮೇಲಿನ ಪ್ರೀತಿಯಿಂದ ಹೇಳಿದೆ ಎಂದೆ. ಪ್ರೀತಿ ಎಂಬ ಮಾತು ಕೇಳಿದ್ದೇ ಅವಳ ಅನುಮಾನ ಗಟ್ಟಿಯಾಗಿ ಅಳು ಜೋರಾಯಿತು. ಕೆಂಗೇರಿಯ ಮಗಳಿಗೆ ಫೋನ್ ಮಾಡಲು ಹೊರಟಳು.

ಬೇರೆ ದಾರಿ ಕಾಣಲಿಲ್ಲ. ಸೌಟಿನಿಂದ ಸಾರನ್ನು ಅಂಗೈಗೆ ಹಾಕಿಕೊಂಡು ನೆಕ್ಕಿ ಮುಖ ಸಿಂಡರಿಸಿದೆ. "ಇದೇನು ಸಾರೋ ಸಮುದ್ರದ ನೀರೋ? ಉಪ್ಪು ಹಾಕೋದನ್ನ ಯಾರೇ ಕಲಿಸಿದ್ದು ನಿನಗೆ?"

ನಳಿನಿ ಫೋನನ್ನು ಕೆಳಗಿಟ್ಟಳು. "ಬೇಕಾದ್ರೆ ತಿನ್ನಿ, ಇಲ್ಲಾಂದ್ರೆ ನೀವೇ ಮಾಡ್ಕೊಳ್ಳಿ" ಎಂದು ಸಿಡುಕಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಜೀವ ಬಂದವಳಂತೆ ಉಸಿರು ಬಿಟ್ಟು ತಟ್ಟೆ ಹಾಕಿದಳು. ನಾನು ಎರಡು ಸಲ ಬಡಿಸಿಕೊಂಡು ಉಂಡೆ. ಸಾರಿನ ಉಪ್ಪು ಹದವಾಗಿಯೇ ಇತ್ತು, ಅದನ್ನು ಅವಳಿಗೆ ಹೇಳಲು ನನಗೆ ಇನ್ನೂ ಧೈರ್ಯ ಬಂದಿಲ್ಲ.