ಗಂಟಲು ಕಟ್ಟಿದ ಪೈಲಟ್

ಲಿಯೋನಾ ಫ್ರೀಸನ್ ಬಟ್ಟೆ ಒಗೆಯುವ ಯಂತ್ರದೊಳಗೆ ತಲೆ ತೂರಿಸಿ ಒದ್ದೆ ಟವೆಲುಗಳನ್ನು ಎಳೆಯುತ್ತಿದ್ದಳು. ಆಗ ಫೋನು ಮಿನುಗಿತು. ಓದಿದವಳೇ ಎಳೆದ ಟವೆಲುಗಳನ್ನೆಲ್ಲ ಮತ್ತೆ ಯಂತ್ರದೊಳಗೇ ತುರುಕಿದಳು. ಇವತ್ತು ಮಧ್ಯಾಹ್ನ ವಿನಿಪೆಗ್ ವಿಮಾನ ನಿಲ್ದಾಣದ ಕಂಟ್ರೋಲ್ ಟವರಿನಲ್ಲಿ ಮನುಷ್ಯರು ಇರುತ್ತಾರಂತೆ!

ಅದು ನಿಜವಾದ ವಿನಿಪೆಗ್ ಅಲ್ಲ, ಕಂಪ್ಯೂಟರಿನೊಳಗಿನ ವಿನಿಪೆಗ್. ಮನೆಯ ನೆಲಮಾಳಿಗೆಯಲ್ಲಿ, ಒಗೆಯುವ ಯಂತ್ರಕ್ಕೆ ಮೊಣಕೈ ತಾಗುವಷ್ಟು ಹತ್ತಿರ ಕೂತು ಲಿಯೋನಾ ಮೂರು ವರ್ಷದಿಂದ ವಿಮಾನ ಹಾರಿಸುತ್ತಿದ್ದಳು. ಮೋಡ, ನದಿ, ಗೋಧಿ ಹೊಲ ಎಲ್ಲವೂ ಇದ್ದಹಾಗೇ ಇದ್ದವು. ಆದರೆ ರೇಡಿಯೋದಲ್ಲಿ ಉತ್ತರ ಕೊಡುತ್ತಿದ್ದುದು ಯಂತ್ರದ ಸ್ವರ. ರನ್‌ವೇ ಬಿಟ್ಟು ಗೋಧಿ ಹೊಲಕ್ಕೆ ಇಳಿದರೂ ಅದು ತಣ್ಣಗೆ ‘ಶುಭದಿನ’ ಎನ್ನುತ್ತಿತ್ತು. ಬೈಯುವವರೇ ಇಲ್ಲದ ಮೇಲೆ ಹಾರಿ ಏನು ಸುಖ? ಅಪರೂಪಕ್ಕೊಮ್ಮೆ, ಅವಳಂಥದೇ ಹುಚ್ಚಿನ ಯಾರೋ ತಮ್ಮ ತಮ್ಮ ಮನೆಯಲ್ಲಿ ಕೂತು ಕಂಟ್ರೋಲರ್ ಆಗುತ್ತಿದ್ದರು. ಜೀವಂತ ಮನುಷ್ಯನ ಬಾಯಿಂದ ಒಮ್ಮೆ ‘ಇಳಿಯಬಹುದು’ ಅನ್ನಿಸಿಕೊಳ್ಳಬೇಕು. ಅವಳ ಆಸೆ ಇಷ್ಟೇ.

ಆದರೆ ಅದೇ ದಿನ ಚರ್ಚಿನ ಸುಗ್ಗಿಯೂಟ. ಅವಳೂರು ಆಲ್ಟೋನಾದ ಅರ್ಧ ಜನ ಟರ್ಕಿ ಕೋಳಿ ತಿನ್ನಲು ಬರುತ್ತಾರೆ. ಮಧ್ಯಾಹ್ನದಿಂದ ಲಿಯೋನಾ ಅಲ್ಲಿ ಕ್ಯಾರೆಟ್ ಸುಲಿಯಬೇಕಿತ್ತು. ಅವಳು ಊಟದ ಯಜಮಾನಿಕೆ ಹೊತ್ತ ಎಲ್ವೈರಾ ಹೀಬರ್ಟ್‌ಗೆ ಫೋನು ಮಾಡಿ, ಗಂಟಲು ಪೂರ್ತಿ ಕಟ್ಟಿಬಿಟ್ಟಿದೆ ಎಂದು ಪಿಸುಗುಟ್ಟಿದಳು.

“ನಿನಗೂನಾ?” ಎಂದಳು ಎಲ್ವೈರಾ. “ನಮ್ಮನೆಯವರು ಬೆಳಿಗ್ಗೆಯಿಂದ ಸೊಂಟ ಹಿಡ್ಕೊಂಡು ಬಿದ್ದಿದಾರೆ ಕಣೇ. ಸರಿಯಾಗಿ ಮೇಜು ಎತ್ತೋ ದಿನಾನೇ. ಮಾತಾಡಿಸ್ಬೇಡ ಅಂತ ಬಾಗಿಲು ಬೇರೆ ಹಾಕ್ಕೊಂಡಿದಾರೆ.”

ಮಾತಾಡಿಸಿದರೂ ಅವಳ ಗಂಡ ಐಸಾಕನದು ಮೌನವೇ. ಎಲ್ವೈರಾ ಉಸಿರೆಳೆದುಕೊಳ್ಳುವ ಸಂದಿಯಲ್ಲಿ ತಲೆಯಾಡಿಸುವುದಷ್ಟೇ ಅವನ ಪಾಲು. ಅವನ ಸ್ವರ ಹೇಗಿದೆ ಎಂಬುದು ಚರ್ಚಿನಲ್ಲಿ ಅವನು ಹೇಳುವ ಭಾನುವಾರದ ಪಾಠಕ್ಕೆ ಹೋಗುವ ಮಕ್ಕಳಿಗೆ ಬಿಟ್ಟರೆ ಊರಿನಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ಲಿಯೋನಾ ಆರು ವರ್ಷದ ಮಗಳು ಟಿಲ್ಲಿಯನ್ನು ಬಟ್ಟೆಬುಟ್ಟಿಯಲ್ಲಿ ಕೂರಿಸಿ, ಅವಳ ಕಿವಿಗೂ ಒಂದು ಹಳೆಯ ಹೆಡ್‌ಫೋನು ಹಾಕಿದಳು. ಎಷ್ಟು ಬೇಕಾದರೂ ಕೇಳಬಹುದು, ಆದರೆ ವಿಮಾನ ನಿಲ್ಲುವ ತನಕ ಒಂದು ಮಾತೂ ಆಡುವಹಾಗಿಲ್ಲ ಎಂದು ಕಟ್ಟಪ್ಪಣೆ ಮಾಡಿದಳು. ಟಿಲ್ಲಿ ತುಟಿಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿದಂತೆ ನಟಿಸಿದಳು.

ಬ್ರ್ಯಾಂಡನ್ ನಿಲ್ದಾಣದಿಂದ ಹಾರಿ ವಿನಿಪೆಗ್ ಹತ್ತಿರವಾದಾಗ ಲಿಯೋನಾ ಗುಂಡಿ ಒತ್ತಿ, ಪೈಲಟ್‌ಗೆ ಒಪ್ಪುವ ದಪ್ಪ ದನಿಯಲ್ಲಿ ‘ಕೆಟಿಎಲ್’ ಎಂದು ವಿಮಾನದ ಹೆಸರು ಹೇಳಿದಳು. ಅಲ್ಲಿ ಮನುಷ್ಯರ ಹೆಸರು ಯಾರಿಗೂ ಬೇಕಿಲ್ಲ.

“ಕೆಟಿಎಲ್, ಬಲಕ್ಕೆ ತಿರುಗಿ ಸಾಲಿಗೆ ಬನ್ನಿ. ಚುರುಕು, ಚುರುಕು,” ಎಂದಿತು ಹುರಿಗಡಲೆ ಸಿಡಿದಂಥ ಗಂಡುದನಿ.

ಲಿಯೋನಾ ಬೆಣ್ಣೆಯಂತೆ ಕರಗಿದಳು. ಆಹಾ, ನಿಜವಾದ ಗದರಿಕೆ! ಟಿಲ್ಲಿ ಕಣ್ಣರಳಿಸಿ ಅಮ್ಮನ ತೋಳು ಜಗ್ಗಿದಳು. ಲಿಯೋನಾ ತುಟಿಯ ಮೇಲೆ ಬೆರಳಿಟ್ಟಳು.

ಅಷ್ಟರಲ್ಲಿ ಮೆಟ್ಟಿಲು ಧಡಧಡ ಎಂದಿತು. ಪಕ್ಕದ ಮನೆಯ ವಿಲ್ಮರ್ ಟೇವ್ಸ್ ಬಾತುಕೋಳಿಯ ಕೊಬ್ಬಿನ ಡಬ್ಬಿಯನ್ನೂ ತನ್ನದೊಂದು ಉಣ್ಣೆಯ ಕಾಲುಚೀಲವನ್ನೂ ಹಿಡಿದು ಇಳಿದುಬಂದ. ಗಂಟಲಿನ ಸುದ್ದಿ ಊರೆಲ್ಲ ಹಬ್ಬಿತ್ತು. ಬೇಡವೆನ್ನಲು ಬಾಯಿಯಿಲ್ಲದ ಲಿಯೋನಾಳ ಕೊರಳಿಗೆ ಕೊಬ್ಬು ಬಳಿದು ಕಾಲುಚೀಲ ಕಟ್ಟಿದ.

“ನೀನು ಆಡ್ಕೋ ತಾಯಿ. ಕಾಯಿಲೆಯವರಿಗೂ ಹೊತ್ತು ಹೋಗ್ಬೇಕಲ್ಲ,” ಎಂದು ಅಲ್ಲೇ ಗೋಡೆಗೊರಗಿ ನಿಂತ.

ಕಂಟ್ರೋಲರ್ ಅದೇ ಗಳಿಗೆಯಲ್ಲಿ ಕೆಟಿಎಲ್ ಎಂದು ಕರೆದ. ಮತ್ತೆ ಕರೆದ. ವಿಲ್ಮರ್ ಎದುರಿಗೆ ಲಿಯೋನಾ ಬಾಯಿ ಬಿಡುವುದು ಹೇಗೆ? ಉತ್ತರ ಬರದಿದ್ದಾಗ ಅವಳನ್ನು ಸಾಲಿನ ಕಟ್ಟಕಡೆಗೆ ಅಟ್ಟಲಾಯಿತು.

ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಎಲ್ವೈರಾಳೇ ಪ್ರತ್ಯಕ್ಷಳಾದಳು. ಹೆಗಲ ಮೇಲೆ ಕ್ಯಾರೆಟ್ ಮೂಟೆ.

“ಅಲ್ವೇ, ಗಂಟಲಿಗೂ ಕ್ಯಾರೆಟ್ ಸುಲಿಯೋದಕ್ಕೂ ಏನು ಸಂಬಂಧ? ಬಾಯಿ ಮುಚ್ಕೊಂಡು ಸುಲಿ.”

ಸುಳ್ಳು ಹೇಳುವಾಗ ಇದು ಲಿಯೋನಾಗೆ ಹೊಳೆದಿರಲೇ ಇಲ್ಲ. ಎಲ್ವೈರಾ ಬಕೆಟ್ಟು ಬೋರಲು ಹಾಕಿ ಕೂತು, ವಿಲ್ಮರನ ಕೈಗೂ ಒಂದು ಸುಲಿಯುವ ಚಾಕು ತುರುಕಿ, ಗಂಡನ ಸೊಂಟದ ಪುರಾಣ ಶುರುಮಾಡಿದಳು. ಲಿಯೋನಾ ಒಂದು ಕೈಯಲ್ಲಿ ವಿಮಾನ, ಒಂದು ಕೈಯಲ್ಲಿ ಕ್ಯಾರೆಟ್ ಹಿಡಿದಳು. ಗಾಬರಿಯಲ್ಲಿ ಒಮ್ಮೆ ಕ್ಯಾರೆಟ್ಟನ್ನೇ ಎಡಕ್ಕೆ ತಿರುಗಿಸಿದಳು.

“ಕೆಟಿಎಲ್, ಇದೇ ಕೊನೆ. ಉತ್ತರ ಕೊಡದಿದ್ದರೆ ನಿಮ್ಮನ್ನು ಆಕಾಶದಿಂದಲೇ ಅಳಿಸಿಹಾಕುತ್ತೇನೆ.”

ಮೂರು ವರ್ಷದ ಆಸೆ! ಲಿಯೋನಾ ಮೊಣಕೈಯಿಂದ ಒಗೆಯುವ ಯಂತ್ರದ ಗುಂಡಿ ಒತ್ತಿದಳು. ಒಂದೇ ಕಡೆ ಮುದ್ದೆಯಾಗಿ ಕೂತಿದ್ದ ಟವೆಲುಗಳನ್ನು ಹೊತ್ತು ಯಂತ್ರ ಹುಚ್ಚು ಹಿಡಿದ ಹೋರಿಯಂತೆ ಕುಣಿಯತೊಡಗಿತು. ಆ ಗದ್ದಲದ ಮರೆಯಲ್ಲಿ ಅವಳು ಕಾಲುಚೀಲದೊಳಗೆ ಬಾಯಿ ಹುದುಗಿಸಿ, ಇದ್ದೇನೆ, ಇದ್ದೇನೆ ಎಂದಳು.

“ಅದೇನದು ಸದ್ದು? ಎಂಜಿನ್ ಹೋಯಿತೇ?”

“ಹೌದು,” ಎಂದಳು. ಬೇರೇನು ಹೇಳಲು ಪುರುಸೊತ್ತಿತ್ತು?

ಕಂಟ್ರೋಲರ್‌ಗೆ ಮೈಯೆಲ್ಲ ಜೀವ ಬಂತು. ಅವನೂ ಇಂಥ ದಿನಕ್ಕಾಗಿಯೇ ಕಾದಿದ್ದಿರಬೇಕು. ಮುಂದಿದ್ದ ವಿಮಾನಗಳನ್ನೆಲ್ಲ ಪಕ್ಕಕ್ಕೆ ಸರಿಸಿದ. ದೊಡ್ಡ ಜೆಟ್ಟೊಂದನ್ನು ಸರೋವರದ ಮೇಲೆ ಗಿರಕಿ ಹೊಡೆಯಲು ಕಳಿಸಿದ.

“ಕೆಟಿಎಲ್, ಇಡೀ ಆಕಾಶ ನಿಮ್ಮದು. ಇಳಿಯಬಹುದು.”

ಲಿಯೋನಾಗೆ ಕಣ್ಣು ಮಂಜಾಯಿತು. ರನ್‌ವೇ ಮೇಲೆದ್ದು ಬಂತು. ಗಾಳಿ ಬಲಕ್ಕೆ ತಳ್ಳಿತು, ಅವಳು ಎಡಕ್ಕೆ ಎಳೆದಳು. ಮೂಗು ಎತ್ತಿದಳು. ಚಕ್ರಗಳು ಹೂವಿನ ಮೇಲೆ ದುಂಬಿ ಕೂತಂತೆ ನೆಲ ಮುಟ್ಟಿದವು.

ಸರಿಯಾಗಿ ಆಗಲೇ ಒಗೆಯುವ ಯಂತ್ರವೂ ನಿಂತಿತು.

“ಇಳಿದೆ! ಇಳಿದೇಬಿಟ್ಟೆ!” ಲಿಯೋನಾ ಕುರ್ಚಿಯಿಂದ ಚಿಮ್ಮಿ ಎದ್ದು ಕೂಗಿದಳು. ಚರ್ಚಿನ ಗಾಯನ ತಂಡವೇ ನಾಚುವಂಥ ಸ್ವರ.

ವಿಲ್ಮರನ ಚಾಕು ಅರ್ಧ ಕ್ಯಾರೆಟ್ಟಿನಲ್ಲಿ ನಿಂತಿತು. ಎಲ್ವೈರಾ ನಿಧಾನಕ್ಕೆ ಮಡಿಲಿನ ಸಿಪ್ಪೆ ಕೊಡವಿದಳು.

“ಗಂಟಲು ಚೆನ್ನಾಗೇ ಬಿಟ್ಕೊಂಡಿದೆಯಲ್ಲೇ. ಇವತ್ತು ಪಾತ್ರೆಯೆಲ್ಲ ನಿಂದೇ. ನಮ್ಮನೆಯವರ ಪಾಲಿನ ಮೇಜುಗಳನ್ನೂ ನೀನೇ ಎತ್ತು. ಪಾಪ, ಸುಳ್ಳು ಅಂದ್ರೇನು ಅಂತ ಗೊತ್ತಿಲ್ಲದ ಪ್ರಾಣಿ, ನೋವು ತಿಂತಾ ಬಿದ್ದಿದೆ.”

ಲಿಯೋನಾ ತಲೆ ತಗ್ಗಿಸಿ ಕಾಲುಚೀಲ ಬಿಚ್ಚತೊಡಗಿದಳು.

ತೆರೆಯ ಮೇಲೆ ವಿಮಾನ ನಿಂತಿತ್ತು. ಟಿಲ್ಲಿ ಅದನ್ನು ಎರಡು ಸಲ ನೋಡಿ ಖಚಿತ ಮಾಡಿಕೊಂಡಳು. ಜೇಬಿನಿಂದ ಕೀಲಿ ತೆಗೆದು ತುಟಿಯ ಬೀಗ ಬಿಚ್ಚಿದಳು. ಬುಟ್ಟಿಯಿಂದ ಎದ್ದು, ಅಮ್ಮ ಒತ್ತುತ್ತಿದ್ದ ಗುಂಡಿಯನ್ನೇ ಒತ್ತಿಹಿಡಿದು, ಮೈಕಿಗೆ ಮೂತಿ ತಾಗಿಸಿ ಕೇಳಿದಳು:

“ಐಸಾಕ್ ಸರ್, ನಿಮ್ಮ ಸೊಂಟ ವಾಸಿ ಆಯ್ತಾ?”