ಪಕ್ಕದ ಸೀಟಿನ ಬ್ರೇಕು

“ನೋಡ್ತಾ ಇರಿ, ಈ ಸಲ ಬೆಟ್ಟದ ದೇವಸ್ಥಾನಕ್ಕೂ ನಾನೇ, ಕಾಡಿನ ಸಫಾರಿಗೂ ನಾನೇ! ಹೋಗಿ ವಾಪಸ್ ಬರೋವರೆಗೆ ಸ್ಟೇರಿಂಗ್ ಮೇಲೆ ಇನ್ನೊಬ್ಬರ ಬೆರಳು ಬಿತ್ತೋ, ನನ್ನ ಸ್ಕೂಲಿನ ಬೋರ್ಡು ಇಳಿಸಿಬಿಡ್ತೀನಿ!”

ಊಟದ ತಟ್ಟೆಯ ಮುಂದೆ ಕೂತು ಡ್ರೈವಿಂಗ್ ಮೇಷ್ಟ್ರು ಈ ಘನಘೋರ ಪ್ರತಿಜ್ಞೆ ಮಾಡಿದಾಗ ಅವರ ಹೆಂಡತಿ ಲೋಟಕ್ಕೆ ನೀರು ಬಗ್ಗಿಸುತ್ತಿದ್ದಳು. ನೀರು ಒಂದು ಹನಿಯೂ ಚೆಲ್ಲಲಿಲ್ಲ. ಇಂಥ ಪ್ರತಿಜ್ಞೆಗಳು ಆಕೆಗೆ ಅಭ್ಯಾಸವಾಗಿದ್ದವು.

“ಘಾಟಿ ರಸ್ತೆ ರೀ. ಒಬ್ಬ ಡ್ರೈವರನ್ನ ಕರ್ಕೊಂಡು ಹೋಗೋಣ” ಎಂದಳು.

“ಡ್ರೈವರ್! ನನಗೆ! ಈ ಊರಿನ ಡ್ರೈವರ್‌ಗಳಲ್ಲಿ ಅರ್ಧ ಜನ ನನ್ನ ಪಕ್ಕ ಕೂತು ಕಲಿತೋರು!”

“ಇನ್ನರ್ಧ ಜನ ಅಪ್ಪಾ?” ಮಗಳು ಕೇಳಿದಳು. ಕಾಲೇಜಿಗೆ ಹೋಗುವ ಹುಡುಗಿ, ಬೇಕಾದ ಪ್ರಶ್ನೆಯನ್ನು ಬೇಡವಾದ ಹೊತ್ತಿನಲ್ಲಿ ಕೇಳುವುದರಲ್ಲಿ ನಿಸ್ಸೀಮಳು.

“ಅವರು ಎದುರು ಬೀದಿ ಮೌನಿ ಹತ್ರ ಕಲಿತು ಚರಂಡಿಗೆ ಬಿದ್ದೋರು! ಬಾಯೇ ಬಿಡದ ಮನುಷ್ಯ ಏನು ಪಾಠ ಹೇಳ್ತಾನೆ? ಮಣ್ಣು!”

ಎದುರು ಬೀದಿಯಲ್ಲಿ ಇನ್ನೊಂದು ಡ್ರೈವಿಂಗ್ ಸ್ಕೂಲಿತ್ತು. ಅದರ ಮಾಲೀಕರು ಮಾತಿಗೆ ಬಹಳ ಬಡವರು. ‘ಮೌನಿ’ ಎಂದು ಹೆಸರಿಟ್ಟವರು ನಮ್ಮ ಮೇಷ್ಟ್ರೇ. ಮೇಷ್ಟ್ರ ವಿಷಯದಲ್ಲಿ ಮಾತ್ರ ಅಂಥ ಬಡತನ ಇರಲಿಲ್ಲ. ಅವರು ಪಾಠ ಮಾಡುತ್ತಿದ್ದರೆ ಮೂರು ಬೀದಿಯಾಚೆ ಸೈಕಲ್ಲಿನಲ್ಲಿ ಹೋಗುವವರೂ ಬ್ರೇಕ್ ಹಿಡಿಯುತ್ತಿದ್ದರು. “ಕ್ಲಚ್ ಒತ್ತು! ಬ್ರೇಕ್ ಒತ್ತು! ಬಿಡಬೇಡ, ಬಿಡಬೇಡ!” ನಿದ್ದೆಯಲ್ಲೂ ಅದೇ ಪಾಠ. ಪಕ್ಕದಲ್ಲಿ ಮಲಗಿದ ಹೆಂಡತಿ ಎಷ್ಟು ಕ್ಲಚ್ ಒತ್ತಿದ್ದಾಳೋ ದೇವರಿಗೇ ಗೊತ್ತು.

ಆದರೆ ಒಂದು ಗುಟ್ಟನ್ನು ಓದುಗರಿಗೆ ಹೇಳಿಬಿಡುತ್ತೇನೆ. ಮೇಷ್ಟ್ರು ಸ್ಟೇರಿಂಗ್ ಹಿಡಿದು ವರ್ಷಗಳೇ ಆಗಿದ್ದವು! ಅವರ ಸ್ಥಾನ ಏನಿದ್ದರೂ ಪಕ್ಕದ ಸೀಟು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಆ ಸೀಟಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಕಲಿಯುವವರು ಗೋಡೆಯ ಕಡೆ ಹೊರಟರೆ ಕಲಿಸುವವರು ಒತ್ತಿ ನಿಲ್ಲಿಸಲಿ ಎಂದು. ತರಕಾರಿ ತರಲು, ಹಲ್ಲಿನ ಡಾಕ್ಟರ ಬಳಿಗೆ ಹೋಗಲು, ಎಲ್ಲದಕ್ಕೂ ಶಿಷ್ಯರೇ ಸಾರಥಿಗಳು. ಪೇಟೆಗೆ ಹೋಗುವ ಪಾಠಕ್ಕೆ ‘ಜನಸಂದಣಿ ತರಬೇತಿ’ ಎಂಬ ಗಂಭೀರವಾದ ಹೆಸರೂ ಇತ್ತು.

ಹೆಂಡತಿಯೂ ಒಮ್ಮೆ ಅವರ ಬಳಿ ಕಲಿಯಲು ಹೊರಟಿದ್ದಳು. ಪ್ರತಿ ಪಾಠವೂ ಬೀದಿಯ ತಿರುವಿನವರೆಗೆ ಹೋಗಿ, ಅಲ್ಲಿಂದ ಆಕೆ ಕಣ್ಣೊರೆಸಿಕೊಂಡು ನಡೆದು ಮನೆಗೆ ಬರುವುದರಲ್ಲಿ ಮುಗಿಯುತ್ತಿತ್ತು. “ನಿನಗೂ ಕ್ಲಚ್ಚಿಗೂ ಈ ಜನ್ಮದಲ್ಲಿ ಆಗಿಬರಲ್ಲ” ಎಂದು ಮೇಷ್ಟ್ರು ತೀರ್ಪು ಕೊಟ್ಟರು. ಆಕೆ ಮರುದಿನದಿಂದ ಬೆಳಗ್ಗೆ ವಾಕಿಂಗ್ ಶುರು ಮಾಡಿದಳು. ಆರೋಗ್ಯಕ್ಕೆ ಒಳ್ಳೆಯದು ಎಂದು ಮೇಷ್ಟ್ರು ಬೆನ್ನು ತಟ್ಟಿದರು.

ಹೊರಡುವ ದಿನ ಬಂತು. ಮನೆಗೆ ಇದ್ದ ಕಾರು ಸ್ಕೂಲಿನದೊಂದೇ. ತಲೆಯ ಮೇಲೆ ಹಳದಿ ಬೋರ್ಡು, ಹಿಂದೆ ಮುಂದೆ ‘ಕಲಿಯುತ್ತಿದ್ದಾರೆ, ದಯವಿಟ್ಟು ತಾಳ್ಮೆ ಇರಲಿ’ ಎಂಬ ಬರಹ. ಬೋರ್ಡನ್ನು ಬಿಚ್ಚಿಡೋಣವೆಂದರೆ ನಟ್ಟುಗಳು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. “ಇರಲಿ ಬಿಡಿ, ದಾರಿಯುದ್ದಕ್ಕೂ ಜಾಹೀರಾತು!” ಎಂದು ಮೇಷ್ಟ್ರು ಮೀಸೆ ತಿರುವಿದರು.

ಅಷ್ಟರಲ್ಲಿ ಅತ್ತೆಯವರು, ಅಂದರೆ ಅಳಿಯನ ಪ್ರತಿಜ್ಞೆಯನ್ನು ಮಗಳಿಂದ ಆಗಲೇ ಕೇಳಿ ತಿಳಿದಿದ್ದ ಹೆಂಡತಿಯ ತಾಯಿ, ಮುಂದಿನ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ವಿರಾಜಮಾನರಾದರು. ದೇವರಿಗೆಂದು ತಂದ ಬಾಳೆಹಣ್ಣಿನ ಚಿಪ್ಪೊಂದು ಶಾಲಿನಲ್ಲಿ ಸುತ್ತಿಕೊಂಡು ಅವರ ಮಡಿಲಲ್ಲಿತ್ತು.

“ಅತ್ತೆ, ನೀವು ಹಿಂದೆ ಆರಾಮಾಗಿ...”

“ಹಿಂದೆ ಕೂತ್ರೆ ನನಗೆ ವಾಂತಿ ಬರುತ್ತೆ ಅಳಿಯಂದಿರೇ. ಬಂದ್ರೆ ನಿಮ್ಮ ಕುತ್ತಿಗೆ ಮೇಲೇ ಬರೋದು.”

ಮೇಷ್ಟ್ರು ಕುತ್ತಿಗೆ ಸವರಿಕೊಂಡು ಸ್ಟೇರಿಂಗ್ ಹಿಡಿದರು. ಕಾರು ಹೊರಟಿತು.

ಊರು ದಾಟುವವರೆಗೆ ಎಲ್ಲವೂ ಸರಿಯಾಗಿತ್ತು. ಬೆಟ್ಟದ ಮೊದಲ ತಿರುವು ಬಂತು, ಎದುರಿನಿಂದ ಒಂದು ಬಸ್ಸು ಬಂತು. “ಅಯ್ಯೋ ದೇವರೇ!” ಎಂದು ಅತ್ತೆಯವರು ಕಾಲು ಚಾಚಿದರು. ಕಾರು ಗಕ್ಕನೆ ನಿಂತಿತು! ಹಣ್ಣಿನ ಗಂಟು ನೆಲಕ್ಕೆ ಬಿತ್ತು, ಹಿಂದಿದ್ದ ಮಗಳ ಮೂಗು ಮುಂದಿನ ಸೀಟಿಗೆ ಅಪ್ಪಳಿಸಿತು.

“ನೋಡಿದ್ರಾ, ದೇವರನ್ನ ನೆನೆದ ಕೂಡಲೇ ಗಾಡಿ ತಾನಾಗೇ ನಿಂತುಬಿಡ್ತು!” ಅತ್ತೆಯವರು ಕೈಮುಗಿದರು.

“ಅದು ದೇವರಲ್ಲ ಅತ್ತೆ, ಬ್ರೇಕು! ನಿಮ್ಮ ಕಾಲ ಕೆಳಗೆ ಇನ್ನೊಂದು ಬ್ರೇಕು ಇದೆ. ಅದನ್ನ ಮುಟ್ಟಬೇಡಿ!”

ಹೇಳಬಾರದಿತ್ತು. ದೇವರ ಮಹಿಮೆ ಎಂದೇ ಬಿಟ್ಟಿದ್ದರೆ ಚೆನ್ನಾಗಿತ್ತು. ತಮ್ಮ ಕಾಲ ಕೆಳಗೆ ಎಂಥ ಅಧಿಕಾರವಿದೆ ಎಂದು ತಿಳಿದ ಮೇಲೆ ಅತ್ತೆಯವರು ಅದನ್ನು ಬಿಟ್ಟಾರೆಯೇ? ಕಣಿವೆ ಕಂಡರೆ ಬ್ರೇಕು. ಮಂಗ ಕಂಡರೆ ಬ್ರೇಕು. ಯಾರೋ ಹೆಂಗಸಿನ ಸೀರೆಯ ಬಣ್ಣ ಚೆನ್ನಾಗಿ ಕಂಡರೂ ಬ್ರೇಕು! ಪ್ರತಿ ಸಲವೂ ಹಣ್ಣಿನ ಗಂಟು ಧೊಪ್ಪನೆ ಕೆಳಗೆ ಬೀಳುವುದು, ಅವರು ಎತ್ತಿಕೊಳ್ಳುವುದು.

“ಅತ್ತೆ, ಕಾಲು ತೆಗೀರಿ!”

“ಕಾಲು ಚಾಚೋಕ್ಕೂ ಅಪ್ಪಣೆ ಕೇಳ್ಬೇಕೇನಪ್ಪ? ನೀವು ನಿಧಾನಕ್ಕೆ ಹೋದ್ರೆ ನಾನ್ಯಾಕೆ ಒತ್ತಲಿ?”

ಹಿಂದೆ ಸಾಲುಗಟ್ಟಿದ ವಾಹನಗಳು ಹಾರನ್ ಬಾರಿಸತೊಡಗಿದವು. ಒಬ್ಬ ಲಾರಿ ಡ್ರೈವರ್ ಪಕ್ಕಕ್ಕೆ ಬಂದು ಕಿಟಕಿಯಿಂದ ಬಗ್ಗಿ ನೋಡಿದ. ತಲೆಯ ಮೇಲೆ ಬೋರ್ಡು, ಸ್ಟೇರಿಂಗ್ ಮುಂದೆ ಬೆವರುತ್ತಿರುವ ಗಂಡಸು, ಕಲಿಸುವವರ ಸೀಟಿನಲ್ಲಿ ಗಂಭೀರವಾಗಿ ಕೂತ ಹಿರಿಯರು. ಅವನಿಗೆ ಎಲ್ಲವೂ ಅರ್ಥವಾಯಿತು.

“ಅಮ್ಮಾ, ನಿಮ್ಮ ಶಿಷ್ಯನಿಗೆ ಮೊದಲು ಮೈದಾನದಲ್ಲಿ ಕಲಿಸಿ! ಘಾಟಿಗೆ ಯಾಕೆ ಕರ್ಕೊಂಡು ಬಂದ್ರಿ?”

“ಏನ್ಮಾಡೋದಪ್ಪ, ಹೇಳಿದ್ದು ಕೇಳಲ್ಲ” ಎಂದರು ಅತ್ತೆಯವರು.

ಹಿಂದಿನ ಸೀಟಿನಲ್ಲಿ ತಾಯಿ ಮಗಳು ಸೆರಗು ದುಪ್ಪಟ್ಟಾಗಳನ್ನು ಬಾಯಿಗೆ ತುರುಕಿಕೊಂಡರು. ಮೇಷ್ಟ್ರ ಪಿತ್ತ ನೆತ್ತಿಗೇರಿತು. ಇಷ್ಟು ವರ್ಷ ಊರಿಗೆಲ್ಲ ಡ್ರೈವಿಂಗ್ ಕಲಿಸಿದ ಮನುಷ್ಯ ದಾರಿಹೋಕರ ಕಣ್ಣಿಗೆ ಅತ್ತೆಯ ದಡ್ಡ ಶಿಷ್ಯನಾಗುವುದೆಂದರೇನು!

ದೇವಸ್ಥಾನ ಮುಟ್ಟುವ ಹೊತ್ತಿಗೆ ಮಧ್ಯಾಹ್ನದ ಬಾಗಿಲು ಹಾಕುತ್ತಿದ್ದರು. ಸಂದಿಯಲ್ಲಿ ದೇವರ ಅರ್ಧ ಮುಖ ಕಂಡಿತು. ಹಣ್ಣು ಅರ್ಪಿಸೋಣವೆಂದು ಶಾಲು ಬಿಚ್ಚಿದರೆ ಅಲ್ಲಿ ಹಣ್ಣೆಲ್ಲಿ? ಬಿದ್ದು ಬಿದ್ದು ಜಜ್ಜಿಹೋಗಿ, ಶಾಲಿನ ತುಂಬ ಪಾಯಸದಂತೆ ಹರಡಿತ್ತು. ಅತ್ತೆಯವರು ಅದನ್ನು ನಲ್ಲಿಯ ಕೆಳಗೆ ಕೊಡವಿ ಹಿಂಡಿಕೊಂಡರು. ಹಣ್ಣು ಹೋಯಿತು, ವಾಸನೆ ಹೋಗಲಿಲ್ಲ.

ಮೇಷ್ಟ್ರ ಆಸೆಯೆಲ್ಲ ಈಗ ಕಾಡಿನ ಮೇಲೆ. ಅಲ್ಲಿ ಅವರವರ ಕಾರಿನಲ್ಲೇ ಸಫಾರಿ. ಇಲಾಖೆಯ ಜೀಪು ಮುಂದೆ, ಉಳಿದವರು ಸಾಲಾಗಿ ಹಿಂದೆ. ಕಾಡಿನ ರಸ್ತೆಯಲ್ಲಿ ತಮ್ಮ ಕೈಚಳಕ ತೋರಿಸಿದರೆ ಬೆಟ್ಟದ ಅವಮಾನ ತೊಳೆದುಹೋದೀತು! ಗೇಟಿನಲ್ಲಿ ಗಾರ್ಡು ಕೈ ಅಡ್ಡ ಹಿಡಿದ.

“ಕಲಿಯೋರನ್ನ ಒಳಗೆ ಬಿಡಲ್ಲ ಸಾರ್.”

“ಕಲಿಯೋನಲ್ಲ ಕಣಯ್ಯ! ನಾನೇ ಕಲಿಸೋನು!”

“ಹಾಗಾದ್ರೆ ಈ ಕಡೆ ಯಾಕೆ ಕೂತಿದ್ದೀರಿ?”

ಮೇಷ್ಟ್ರು ಲೈಸೆನ್ಸ್ ತೋರಿಸಿದರು, ಗೋಗರೆದರು, ಕೊನೆಗೆ ಗಾರ್ಡು ಕರಗಿದ. “ಎಲ್ಲರಿಗಿಂತ ಹಿಂದೆ ಬನ್ನಿ. ಆ ಹಳದಿ ಬೋರ್ಡು ಮುಚ್ಚಿ, ಪ್ರಾಣಿಗಳ ಕಣ್ಣಿಗೆ ಹೊಡೆಯುತ್ತೆ.” ಮುಚ್ಚಲು ಏನಿದೆ? ಅತ್ತೆಯವರ ಶಾಲು! ಮೇಷ್ಟ್ರೇ ಖುದ್ದಾಗಿ ಹತ್ತಿ ಬೋರ್ಡಿಗೆ ಬಿಗಿಯಾಗಿ ಕಟ್ಟಿದರು. ಬಾಳೆಹಣ್ಣಿನ ಘಮ ಮೂಗಿಗೆ ಬಡಿಯಿತು. ಆದರೆ ಅವಮಾನದಲ್ಲಿದ್ದ ಮನುಷ್ಯನಿಗೆ ಮುಂದಿನದು ಹೊಳೆಯಬೇಕಲ್ಲ!

ಕಾಡಿನಲ್ಲಿ ಸ್ವಲ್ಪ ದೂರ ಹೋಗುತ್ತಲೇ ಜಿಂಕೆ ಕಂಡಿತು, ಅಂದರೆ ಬ್ರೇಕು. ಅತ್ತೆಯವರು ಜಿಂಕೆಯನ್ನು ಕಣ್ತುಂಬ ನೋಡಿ ಮುಗಿಸುವಷ್ಟರಲ್ಲಿ ಜೀಪೂ ಉಳಿದ ಕಾರುಗಳೂ ತಿರುವಿನಾಚೆ ಮಾಯವಾಗಿದ್ದವು. ಪೊದೆ ಅಲುಗಾಡಿತು. ಆನೆಯೊಂದು ಸೊಂಡಿಲೆತ್ತಿ ಗಾಳಿ ಮೂಸುತ್ತಾ ರಸ್ತೆಗೆ ಇಳಿದು, ನೇರ ಕಾರಿನತ್ತ ಬಂತು!

ಮೇಷ್ಟ್ರು ರಿವರ್ಸ್ ಗೇರ್ ಹಾಕಿದ್ದೇನೋ ಹೌದು, ಆದರೆ ಗಾಬರಿಗೆ ಬಾಯಿ ತನ್ನಷ್ಟಕ್ಕೆ ತಾನೇ ಹಳೆಯ ಪಾಠ ಶುರು ಮಾಡಿತು.

“ಕ್ಲಚ್ ಒತ್ತು! ಬ್ರೇಕ್ ಒತ್ತು! ಬಿಡಬೇಡ, ಬಿಡಬೇಡ!”

ದಾರಿಯುದ್ದಕ್ಕೂ ಅಳಿಯನ ಒಂದು ಮಾತನ್ನೂ ಕೇಳದ ಅತ್ತೆಯವರು ಈ ಮಾತನ್ನು ಮಾತ್ರ ಶಿರಸಾವಹಿಸಿದರು. ಎರಡೂ ಕಾಲುಗಳನ್ನು ಎರಡೂ ಪೆಡಲ್‌ಗಳ ಮೇಲೆ ಊರಿ, ಕಣ್ಣು ಮುಚ್ಚಿ ಒತ್ತಿದರು. ಇಂಜಿನ್ ಭೋರ್ಗರೆಯಿತು, ಕಾರು ಕದಲಲಿಲ್ಲ.

“ಅತ್ತೆ, ಕಾಲು ತೆಗೀರಿ!”

“ನೀವೇ ಬಿಡಬೇಡ ಅಂದ್ರಲ್ಲ!”

“ಅದು ನಿಮಗಲ್ಲ, ನನಗೆ ನಾನೇ ಹೇಳ್ಕೊಂಡಿದ್ದು!”

“ನಿಮಗೆ ಹೇಳ್ಕೊಂಡಿದ್ರೆ ನೀವು ಯಾಕೆ ಒತ್ತಲಿಲ್ಲ?”

ಆನೆ ಮತ್ತಷ್ಟು ಹತ್ತಿರ ಬಂತು. ಆಗ ಹಿಂದಿನ ಸೀಟಿನಿಂದ ಹೆಂಡತಿಯ ತಣ್ಣನೆಯ ದನಿ ಕೇಳಿತು. “ರೀ, ಇಂಜಿನ್ ಆಫ್ ಮಾಡಿ. ಎಲ್ಲರೂ ಬಾಯಿ ಮುಚ್ಚಿಕೊಂಡು ಕೂತ್ಕೊಳ್ಳಿ.”

ಮೇಷ್ಟ್ರು ಆಫ್ ಮಾಡಿದರು. ಬಾಯಿಯನ್ನೂ ಮುಚ್ಚಿದರು. ಆನೆ ಕಾರಿನ ಮುಂದೆ ನಿಂತು ಗಾಜಿನ ಕೆಳಗಿನ ‘ದಯವಿಟ್ಟು ತಾಳ್ಮೆ ಇರಲಿ’ ಎಂಬ ಬರಹವನ್ನು ಸ್ವಲ್ಪ ಹೊತ್ತು ನೋಡಿತು. ಈವರೆಗೆ ಆ ಬರಹಕ್ಕೆ ಬೆಲೆ ಕೊಟ್ಟ ಮೊದಲ ಜೀವಿ ಅದೇ ಇರಬೇಕು. ತಾಳ್ಮೆಯಿಂದ ಪಕ್ಕಕ್ಕೆ ಸರಿಯಿತು, ತಾಳ್ಮೆಯಿಂದ ಸೊಂಡಿಲನ್ನು ಕಾರಿನ ತಲೆಯ ಮೇಲೆ ಇಟ್ಟಿತು. ಮೇಲೆ ಲಟಕ್ ಎಂದಿತು! ತುಕ್ಕು ಹಿಡಿದ ನಟ್ಟುಗಳು ಕಿತ್ತುಬಂದು ಶಾಲು ಸಮೇತ ಬೋರ್ಡು ರಸ್ತೆಗೆ ಬಿತ್ತು. ಆನೆ ಶಾಲನ್ನು ಎಳೆದುಕೊಂಡು, ಮೂಸಿ, ಹೆಗಲ ಮೇಲೆ ಎಸೆದುಕೊಂಡು ಕಾಡಿಗೆ ನಡೆಯಿತು. ಬೋರ್ಡು ಮಾತ್ರ ಮಣ್ಣಿನಲ್ಲಿ ಬೋರಲಾಗಿ ಬಿದ್ದಿತ್ತು.

ಹುಡುಕಿಕೊಂಡು ಜೀಪು ವಾಪಸ್ ಬಂತು. ಮೇಷ್ಟ್ರು ಏನೂ ಆಗಿಲ್ಲವೆಂಬಂತೆ ಕಾರು ಸ್ಟಾರ್ಟ್ ಮಾಡಿದರು. ಗಡಿಬಿಡಿಯಲ್ಲಿ ಕಾಲು ಕ್ಲಚ್ಚನ್ನು ಪಟ್ಟನೆ ಬಿಟ್ಟಿತು. ಕಾರು ಎರಡು ಸಲ ಕುಪ್ಪಳಿಸಿ ಕೆಮ್ಮಿ ನಿಂತಿತು. ಮತ್ತೆ ಸ್ಟಾರ್ಟ್, ಮತ್ತೆ ಕುಪ್ಪಳಿಸುವಿಕೆ! ಇದೇ ತಪ್ಪಿಗೆ ಅವರು ಎಷ್ಟು ಜನರನ್ನು ಬೈದಿದ್ದರೋ!

“ಸಾರ್, ನೀವು ಓಡಿಸೋದು ಬೇಡ” ಎಂದ ಗಾರ್ಡು. “ಇನ್ಯಾರ ಹತ್ರ ಲೈಸೆನ್ಸ್ ಇದೆ?”

“ಇನ್ಯಾರ ಹತ್ರ ಇರುತ್ತಯ್ಯ? ಇವರು ಹೆಂಗಸರು, ಪಾಪ...”

ಹಿಂದೆ ಬ್ಯಾಗಿನ ಜಿಪ್ ಸರ್ ಎಂದಿತು. “ನನ್ನ ಹತ್ರ ಇದೆ” ಎಂದಳು ಹೆಂಡತಿ.

ಮೇಷ್ಟ್ರು ತಿರುಗಿ ನೋಡಿದರು. ಲೈಸೆನ್ಸಿನಲ್ಲಿ ಹೆಂಡತಿಯ ಫೋಟೊ ನಗುತ್ತಿತ್ತು. ಮಗಳ ಮುಖದಲ್ಲಿ ಆಶ್ಚರ್ಯವಿಲ್ಲ, ಅತ್ತೆಯ ಮುಖದಲ್ಲಂತೂ ಮೊದಲೇ ಇಲ್ಲ. ಮನೆಯಲ್ಲಿ ಈ ಸಂಗತಿ ಗೊತ್ತಿಲ್ಲದ ಪ್ರಾಣಿ ತಾವೊಬ್ಬರೇ ಎಂದು ಅವರಿಗೆ ಆಗ ತಿಳಿಯಿತು. ನಿಜಕ್ಕೂ ನೋವಾಯಿತು.

ಗಾರ್ಡಿನ ಕಾವಲಿನಲ್ಲಿ ಸೀಟುಗಳು ಬದಲಾದವು. ವಾಂತಿಯ ಮಾತೇ ಎತ್ತದೆ ಹಿಂದೆ ಹೋಗಿ ಕೂತ ಅತ್ತೆಯವರು ನಿಟ್ಟುಸಿರಿಟ್ಟರು. “ನಮ್ಮ ಅಳಿಯಂದಿರು ಆಡಿದ ಮಾತಿಗೆ ತಪ್ಪೋರಲ್ಲ. ಇನ್ನೊಬ್ಬರ ಬೆರಳು ಬೀಳೋಕ್ಕೆ ಮುಂಚೇನೇ ಬೋರ್ಡು ಇಳಿದುಹೋಯ್ತು!”

ಕಾರು ಹೊರಟಿತು. ಕುಪ್ಪಳಿಸಲಿಲ್ಲ, ಕೆಮ್ಮಲಿಲ್ಲ. ಕಾಡು ದಾಟಿ ಘಾಟಿಯ ತಿರುವುಗಳಲ್ಲಿ ಇಳಿಯುವಾಗಲೂ ಹಿಂದೆ ಮಗಳು ನಿದ್ದೆ ಹೋಗುವಷ್ಟು ಹದವಾಗಿ ಸಾಗಿತು. ಮೇಷ್ಟ್ರ ಕಾಲು ಮೆಲ್ಲನೆ ಬ್ರೇಕಿನ ಕಡೆ ಸರಿಯಿತು.

“ಕಾಲು ಮಡಚಿ ಕೂತ್ಕೊಳ್ಳಿ” ಎಂದಳು ಹೆಂಡತಿ, ರಸ್ತೆಯಿಂದ ಕಣ್ಣು ತೆಗೆಯದೆ.

ಮಡಚಿದರು. ಒಂದಷ್ಟು ತಿರುವುಗಳಾದ ಮೇಲೆ ತಡೆಯಲಾರದೆ ಕೇಳಿದರು. “ಅಲ್ಲ ಕಣೇ, ಎಲ್ಲಿ ಕಲಿತೆ?”

“ಎದುರು ಬೀದಿಯಲ್ಲಿ.”

“ಆ ಮೌನಿ ಹತ್ರಾನಾ! ಮತ್ತೆ ದಿನಾ ಬೆಳಗ್ಗೆ ವಾಕಿಂಗ್ ಅಂತಿದ್ದೆ?”

“ವಾಕಿಂಗೇ ರೀ. ಅವರ ಸ್ಕೂಲಿನ ತನಕ ನಡ್ಕೊಂಡೇ ಹೋಗ್ತಿದ್ದೆ.”

ಮೇಷ್ಟ್ರು ಕಿಟಕಿಯಾಚೆ ನೋಡಿದರು. ಎದುರಿನಿಂದ ಬಂದ ಬಸ್ಸಿಗೆ ಹೆಂಡತಿ ಸರಾಗವಾಗಿ ದಾರಿ ಬಿಟ್ಟಳು. ಆ ಡ್ರೈವರ್ ಕೈಯೆತ್ತಿ ವಂದಿಸಿ ಹೋದ. ಹೊಟ್ಟೆಕಿಚ್ಚಾಯಿತು. ಅದರ ಜೊತೆಗೆ, ಒಪ್ಪಿಕೊಳ್ಳಲು ಮನಸ್ಸಿಲ್ಲದಿದ್ದರೂ, ಒಂದಿಷ್ಟು ಹೆಮ್ಮೆಯೂ ಆಯಿತು.

“ನಾನು ಅಷ್ಟು ಗಂಟಲು ಹರ್ಕೊಂಡ್ರೂ ನಿನಗೆ ಬರಲಿಲ್ಲ. ಅವನು ಅದೇನು ಹೇಳಿಕೊಟ್ಟ?”

ಹೆಂಡತಿ ಗೇರು ಬದಲಿಸಿದಳು. ಕ್ಲಚ್ಚು ಸದ್ದಿಲ್ಲದೆ ಮೇಲೆ ಬಂತು.

“ಏನೂ ಹೇಳಲಿಲ್ಲ ರೀ. ಅದಕ್ಕೇ ಬಂತು.”